ಮೂರನೆಯದು ತಲೆಕೆಳಗಾಗಿದೆ

ಶೇಷಾದ್ರಿ ಮೇಷ್ಟ್ರು ತೀರಿಕೊಂಡ ಒಂಬತ್ತನೆಯ ದಿನ ಮೇಘಾ ನೈರೋಬಿಯ ಪಾರ್ಕ್‌ಲ್ಯಾಂಡ್ಸಿನ ಅವರ ಮನೆಗೆ ಮೂರು ಮಹಡಿ ಹತ್ತಿ ಹೋದಾಗ ಅವಳ ಚೀಲದಲ್ಲಿ ಒಂದು ಖಾಲಿ ಸ್ಟೀಲ್ ಡಬ್ಬಿಯಿತ್ತು. ಡಬ್ಬಿ ಆ ಮನೆಯದೇ. ಹದಿನಾಲ್ಕು ತಿಂಗಳ ಹಿಂದೆ ಕೋಡುಬಳೆ ತುಂಬಿಕೊಂಡು ಅವಳ ಕೈಗೆ ಬಂದದ್ದು. ಬೇರೆಯವರ ಡಬ್ಬಿಯನ್ನು ಖಾಲಿ ವಾಪಸು ಕೊಡುವ ಪದ್ಧತಿ ಮೈಸೂರಿನ ಅವಳ ತಾಯಿಯ ಮನೆಯಲ್ಲಿ ಇರಲಿಲ್ಲ; ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ಏನು ಹಾಕಲಿ ಎಂದು ಯೋಚಿಸುತ್ತ, ಈ ಶನಿವಾರ ಆಗಲಿಲ್ಲ ಮುಂದಿನ ಶನಿವಾರ ಎನ್ನುತ್ತ ಅಷ್ಟು ತಿಂಗಳು ಕಳೆದಿದ್ದವು. ಈಗ ಸಾವಿನ ಮನೆಗೆ ಏನನ್ನೂ ತುಂಬಿಕೊಂಡು ಹೋಗುವ ಹಾಗಿರಲಿಲ್ಲ. ಆ ಪ್ರಶ್ನೆ ತಾನಾಗಿಯೇ ಬಗೆಹರಿದಿತ್ತು.

ಒಳಗೆ ಮೇಷ್ಟ್ರ ಮಗಳು ನೇಹಾ ಊಟದ ಮೇಜಿನ ಮುಂದೆ ಕೂತು ಒಂದಾದ ಮೇಲೊಂದು ಫೋನ್ ಮಾಡುತ್ತಿದ್ದಳು. ನೈರೋಬಿಯಲ್ಲೇ ಹುಟ್ಟಿ ಬೆಳೆದವಳು, ಈಗ ಮೊಂಬಾಸಾದಲ್ಲಿ ದಂತವೈದ್ಯೆ. ತಾಯಿ ಚಂದ್ರಿಕಾ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು.

"ಅಮ್ಮ, ಐ ಕಾಲ್ಡ್ ಎವ್ರಿಒನ್. ನೋಬಡಿ ಹ್ಯಾಸ್ ಎನಿಥಿಂಗ್."

"ಆ ಪ್ರಕಾಶಂಗೆ ಮಾಡ್ದ್ಯಾ?"

"ಪ್ರಕಾಶ್ ಅಂಕಲ್ ಹ್ಯಾಸ್ ಹಿಸ್ ಓನ್ ಡ್ರಾಯಿಂಗ್ಸ್. ನಾಟ್ ಡ್ಯಾಡ್ಸ್."

ಚಂದ್ರಿಕಾ ಮೇಘಾಳ ಕಡೆ ತಿರುಗಿದರು. "ಕೇಳಿದ್ಯಾ? ಇಪ್ಪತ್ತೆಂಟು ವರ್ಷ ಈ ಊರಿನ ಮಕ್ಕಳಿಗೆಲ್ಲ ಡ್ರಾಯಿಂಗ್ ಕಲಿಸಿದ ಮನುಷ್ಯ. ಮನೇಲಿ ಅವರು ಬರೆದಿದ್ದು ಅಂತ ಒಂದು ತುಂಡು ಕಾಗದ ಇಲ್ಲ."

ಇಲ್ಲದಿರುವುದಕ್ಕೆ ಕಾರಣ ಮೇಘಾಳಿಗೆ ಗೊತ್ತಿತ್ತು. ಮೇಷ್ಟ್ರು ಪ್ರಾಯದಲ್ಲಿ ದಪ್ಪ ಕಾಗದದ ಮೇಲೆ ಸಾಕಷ್ಟು ಬರೆದಿದ್ದರಂತೆ. ಶಾಲೆಯಲ್ಲಿ ಒಳ್ಳೆಯ ಕಾಗದ ಮುಗಿದಾಗಲೆಲ್ಲ ತಮ್ಮ ಚಿತ್ರಗಳನ್ನೇ ಒಯ್ದು, "ಹಿಂದಿನ ಬದಿ ಖಾಲಿ ಇದೆ, ಬರೀರಿ" ಎಂದು ಮಕ್ಕಳಿಗೆ ಹಂಚಿಬಿಟ್ಟಿದ್ದರು. ಮಕ್ಕಳು ಅವನ್ನು ಮನೆಗೊಯ್ದರು, ದೊಡ್ಡವರಾದರು, ಕಳೆದರು. ಆಮೇಲೆ ಮೇಷ್ಟ್ರು ತಮಗಾಗಿ ಬರೆಯುವುದನ್ನೇ ಬಿಟ್ಟಿದ್ದರು.

"ಭಾನುವಾರ ಶ್ರದ್ಧಾಂಜಲಿ ಸಭೇಲಿ ಬರೀ ಫೋಟೋ ಇಟ್ರೆ ಚೆನ್ನಾಗಿರತ್ತಾ ಹೇಳು," ಎಂದರು ಚಂದ್ರಿಕಾ. "ಫೋಟೋ ಯಾರಿಗೆ ಇರಲ್ಲ? ಡ್ರಾಯಿಂಗ್ ಮೇಷ್ಟ್ರು ಅಂದ್ಮೇಲೆ ಅವರ ಕೈಯಿಂದ ಬಿದ್ದ ಒಂದು ಗೆರೆ ಬೇಡ್ವಾ? ನೀನು ನಾಲ್ಕು ವರ್ಷ ಬಂದೆ. ನಿನ್ನ ಹತ್ರ ಏನಾದ್ರೂ ಇದ್ಯಾ ಮೇಘಾ?"

"ನೋಡ್ತೀನಿ ಆಂಟಿ," ಎಂದಳು ಮೇಘಾ.

ನೋಡಬೇಕಾದದ್ದು ಏನೂ ಇರಲಿಲ್ಲ. ಮೇಷ್ಟ್ರ ಕೈಯಿಂದ ಬಿದ್ದ ಗೆರೆಗಳು ಈ ಊರಿನಲ್ಲಿ ಎಲ್ಲಿವೆ ಎಂಬುದು ತನ್ನೊಬ್ಬಳಿಗೇ ಗೊತ್ತು ಎಂದು ಅವಳು ತಿಳಿದಿದ್ದಳು. ನಾಲ್ಕು ಚೌಕಟ್ಟುಗಳಲ್ಲಿ, ರುಂಡಾ ಬಡಾವಣೆಯ ಒಂದು ದೊಡ್ಡ ಮನೆಯ ಮೆಟ್ಟಿಲ ಗೋಡೆಯ ಮೇಲೆ, ಮೇಘಾಳ ಹೆಸರಿನ ಚೀಟಿಯ ಸಮೇತ ಅವು ತೂಗುತ್ತಿದ್ದವು. ಡಬ್ಬಿಯನ್ನು ಚೀಲದಿಂದ ಹೊರಗೆ ತೆಗೆಯದೆಯೇ ಅವಳು ಎದ್ದು ಬಂದಳು.

ಅದು ಆದದ್ದು ಹೀಗೆ.

ಮೇಘಾ ಒಂದು ಅಂತರರಾಷ್ಟ್ರೀಯ ಸಂಸ್ಥೆಯ ಕೆಲಸಕ್ಕೆಂದು ನೈರೋಬಿಗೆ ಬಂದಾಗ ಅವಳಿಗೆ ಇಪ್ಪತ್ತೇಳು. ಹಗಲೆಲ್ಲ ವರದಿಗಳ ಪುಟ ವಿನ್ಯಾಸ ಮಾಡುತ್ತಿದ್ದಳು; ಕಲಾವಿದೆಯಾಗಬೇಕೆಂಬ ಆಸೆಯನ್ನು ಯಾರಿಗೂ ಹೇಳಿರಲಿಲ್ಲ. ಪರಿಚಯದವರೊಬ್ಬರು ಶೇಷಾದ್ರಿ ಮೇಷ್ಟ್ರ ವಿಳಾಸ ಕೊಟ್ಟರು. ಅಂದಿನಿಂದ ನಾಲ್ಕು ವರ್ಷ, ಪ್ರತಿ ಶನಿವಾರ ಬೆಳಿಗ್ಗೆ ತಾನಿದ್ದ ಕಿಲೆಲೆಶ್ವಾದಿಂದ ಮಟಾಟು ವ್ಯಾನು ಹಿಡಿದು ಈ ಮೂರು ಮಹಡಿ ಹತ್ತಿದ್ದಳು.

ಮೇಷ್ಟ್ರಿಗೆ ಒಂದು ನೇಮವಿತ್ತು. ಶಿಷ್ಯರ ಕಾಗದದ ಮೇಲೆ ಅವರು ಕೈ ಇಡುತ್ತಿರಲಿಲ್ಲ. ಬರೆದದ್ದು ಮುಗಿದ ಮೇಲೆ ಅದರ ಮೇಲೆ ಕೆಳಗಿನದು ಕಾಣುವಂಥ ತೆಳು ಬಟರ್ ಪೇಪರ್ ಹಾಸಿ, ಕ್ಲಿಪ್ ಹಾಕಿ, ಕಂದು ಬಣ್ಣದ ಪೆನ್ಸಿಲಿನಿಂದ ಎಲ್ಲೆಲ್ಲಿ ಕಣ್ಣು ತಪ್ಪಿದೆಯೋ ಅಲ್ಲಲ್ಲಿ ಮಾತ್ರ ಗೆರೆ ಎಳೆಯುತ್ತಿದ್ದರು. ಭುಜ ಇಳಿಯಬೇಕಾದ ಕಡೆ ಒಂದು, ಲೋಟದ ಬಾಯಿ ಬಾಗಬೇಕಾದ ಕಡೆ ಒಂದು. ಉಳಿದದ್ದು ಖಾಲಿ.

"ಪೂರ್ತಿ ಬರೆದು ತೋರಿಸಿ ಸರ್," ಎಂದು ಮೇಘಾ ಒಮ್ಮೆ ಗೋಗರೆದಿದ್ದಳು.

"ಸರಿ ಇರೋ ಕಡೆ ನನಗೇನಮ್ಮ ಕೆಲಸ?" ಎಂದಿದ್ದರು ಅವರು.

ಹೊಗಳಿಕೆಯ ಮಾತು ಅವರ ಬಾಯಿಂದ ಬಂದದ್ದೇ ಇಲ್ಲ. ಚೆನ್ನಾಗಿದೆಯಾ ಸರ್ ಎಂದರೆ, "ಚಂದ್ರಿಕಾ, ಕಾಫಿ ಆಯ್ತಾ?" ಎನ್ನುತ್ತಿದ್ದರು. ನಾಲ್ಕು ವರ್ಷ ತಾನು ಬರೀ ತಪ್ಪನ್ನೇ ಮಾಡಿದ್ದೇನೆ ಎಂಬ ಭಾವನೆ ಅವಳೊಳಗೆ ಸಣ್ಣಗೆ ಹೊಗೆಯಾಡುತ್ತಿತ್ತು. ಓದುತ್ತಿದ್ದ ಪುಸ್ತಕಗಳೆಲ್ಲ ಹಳೆಯದನ್ನು ಮುರಿ ಎನ್ನುತ್ತಿದ್ದವು. ಇಲ್ಲಿ ನೋಡಿದರೆ ಲೋಟದ ಬಾಯಿ.

ಮನೆ ಬದಲಾಯಿಸುವಾಗ ಆ ನಾಲ್ಕು ವರ್ಷದ ಕಟ್ಟು ಕೈಗೆ ಸಿಕ್ಕಿತು. ಪ್ರತಿ ಚಿತ್ರಕ್ಕೂ ಅದರ ಬಟರ್ ಪೇಪರು ಕ್ಲಿಪ್ಪಿನಲ್ಲಿ ಅಂಟಿಕೊಂಡಿತ್ತು. ತನ್ನ ಚಿತ್ರಗಳನ್ನು ನೋಡಿ ಅವಳಿಗೆ ನಾಚಿಕೆಯಾಯಿತು. ಬಿಡಿಸಿ ಬಿಡಿಸಿ ಕಸದ ಚೀಲಕ್ಕೆ ಹಾಕಿದಳು. ಹಾಗೆ ಬಿಡಿಸುವಾಗ ಒಂದು ಬಟರ್ ಪೇಪರು ಕಿಟಕಿಯ ಬೆಳಕಿಗೆ ಬಂತು. ಕೆಳಗೆ ಚಿತ್ರವಿಲ್ಲದ ಬರಿಯ ತಿದ್ದುಪಡಿ. ಹಾಲುಬಿಳಿ ಹಾಳೆಯ ಮೇಲೆ ಅಲ್ಲೊಂದು ಇಲ್ಲೊಂದು ಕಂದು ಗೆರೆ, ನಡುವೆ ವಿಶಾಲವಾದ ಮೌನ. ಇಷ್ಟು ವರ್ಷ ಏನನ್ನು ಬರೆಯಬೇಕೆಂದು ಅವಳು ಒದ್ದಾಡಿದ್ದಳೋ ಅದೇ.

ನೈರೋಬಿಯಲ್ಲಿ ಗ್ಯಾಲರಿ ನಡೆಸುತ್ತಿದ್ದ ಮಂಗಳೂರು ಕಡೆಯ ಗೆಳೆಯ ರಾಯ್ಸ್ಟನ್ ಸಾಮಾನು ಸಾಗಿಸಲು ಬಂದಿದ್ದವನು, ಕಿಟಕಿಗೆ ಅಂಟಿಸಿದ್ದ ನಾಲ್ಕು ಹಾಳೆಗಳ ಮುಂದೆ ನಿಂತುಬಿಟ್ಟ.

"ಇದನ್ನು ಯಾವಾಗ ಮಾಡಿದ್ದು ಮಾರಾಯ್ತಿ?"

"ಹೋದ ವರ್ಷ," ಎಂದಳು ಮೇಘಾ.

ಯಾರು ಮಾಡಿದ್ದು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಆಮೇಲೆ ಎಷ್ಟೋ ಸಲ ಅವಳು ತನಗೆ ತಾನೇ ಹೇಳಿಕೊಂಡಳು. ಇನ್ನೊಂದು ವಾದವೂ ಸಿದ್ಧವಿತ್ತು: ತಪ್ಪು ನನ್ನದು, ಆದ್ದರಿಂದ ತಪ್ಪಿನ ಮೇಲಿನ ಗೆರೆಯೂ ನನ್ನದೇ.

ರಾಯ್ಸ್ಟನ್ ತನ್ನ ಗ್ಯಾಲರಿಯಲ್ಲಿ ಆ ಹಾಳೆಗಳಿಗೆ ಚೌಕಟ್ಟು ಹಾಕಿಸಿ ಇಟ್ಟ ಪ್ರದರ್ಶನದ ದಿನ ಮೇಷ್ಟ್ರು ಒಬ್ಬರೇ ಬಂದರು. ಚಂದ್ರಿಕಾ ಅವರಿಗೆ ಜ್ವರವಿತ್ತು. ಹಳೆಯ ಕೋಟು, ಕೈಯಲ್ಲಿ ಕೋಡುಬಳೆಯ ಡಬ್ಬಿ. ಕೈಗಳನ್ನು ಹಿಂದೆ ಕಟ್ಟಿಕೊಂಡು, ಡಬ್ಬಿ ಬೆನ್ನ ಹಿಂದೆ ತೂಗುತ್ತ, ಒಂದೊಂದೇ ಚೌಕಟ್ಟಿನ ಮುಂದೆ ನಿಂತರು. ರಾಯ್ಸ್ಟನ್ ಪಕ್ಕದಲ್ಲಿ ನಿಂತು, ಇಲ್ಲಿ ಇಲ್ಲದಿರುವುದೇ ಮುಖ್ಯ ಅಂಕಲ್ ಎಂದು ವಿವರಿಸುತ್ತಿದ್ದ. ಅವರು ಶ್ರದ್ಧೆಯಿಂದ ಕೇಳಿಸಿಕೊಂಡರು. ಮೇಘಾ ಅವರ ಮುಖವನ್ನೇ ನೋಡುತ್ತಿದ್ದಳು. ಗುರುತು ಹತ್ತಿತೇ, ಇಲ್ಲವೇ? ಮೂರನೆಯದರ ಮುಂದೆ ಅವರು ಬಹಳ ಹೊತ್ತು ನಿಂತರು. ಕತ್ತು ಓರೆ ಮಾಡಿದರು.

"ಮೂರನೇದು ತಲೆಕೆಳಗಾಗಿದೆ ಕಣಮ್ಮ."

ಸುತ್ತ ಏಳೆಂಟು ಜನರಿದ್ದರು. ಅಷ್ಟು ಜನರೆದುರು ಅವರ ಬಾಯಿಂದ ಮುಂದಿನ ಮಾತು ಬರುವ ಮೊದಲು ಅದನ್ನು ತಡೆಯಬೇಕಿತ್ತು.

"ಸರ್, ಇದು ಕ್ಯಾಲೆಂಡರ್ ಅಲ್ಲ," ಎಂದಳು ಮೇಘಾ ದೊಡ್ಡ ದನಿಯಲ್ಲಿ. "ಇದಕ್ಕೆ ತಲೆಯೂ ಇಲ್ಲ, ಕೆಳಗೂ ಇಲ್ಲ."

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. "ಹೌದಾ. ಹಾಗಾದ್ರೆ ಸರಿ," ಎಂದು ಕನ್ನಡಕ ತೆಗೆದು ಕೋಟಿನ ತುದಿಗೆ ಒರೆಸಿಕೊಂಡರು. ಹೋಗುವಾಗ ಡಬ್ಬಿಯನ್ನು ಅವಳ ಕೈಗಿಟ್ಟು, "ವಾಪಸ್ ತಂದುಕೊಡು, ಇಲ್ದಿದ್ರೆ ಚಂದ್ರಿಕಾ ನನ್ನನ್ನ ಬೈತಾಳೆ," ಎಂದರು.

ಅವರು ಅವಳೊಡನೆ ಆಡಿದ ಕೊನೆಯ ಮಾತು ಅದು. ನಾಲ್ಕೂ ಚೌಕಟ್ಟುಗಳು ಒಟ್ಟಿಗೆ ಮಾರಾಟವಾದವು. ಅವುಗಳ ಬಲದ ಮೇಲೆಯೇ ಲಿಸ್ಬನ್ನಿನ ಕಲಾ ಕೇಂದ್ರವೊಂದು ಅವಳನ್ನು ಮೂರು ತಿಂಗಳು ಅಲ್ಲಿದ್ದು ಕೆಲಸ ಮಾಡಲು ಆರಿಸಿತ್ತು. ಹೊರಡಲು ಆರು ವಾರ ಉಳಿದಿತ್ತು.

ಸಾವಿನ ಮನೆಯಿಂದ ಬಂದ ಮೇಘಾ ತನ್ನ ಊಟದ ಮೇಜಿನ ಮುಂದೆ ಕೂತು ಫೋನಿನಲ್ಲಿದ್ದ ಮೂರನೆಯ ಹಾಳೆಯ ಫೋಟೋ ತೆರೆದಳು. ತಲೆಕೆಳಗಾಗಿದೆ ಎಂಬ ಮಾತನ್ನು ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ಅವಳು ಪರೀಕ್ಷಿಸಿ ನೋಡಿರಲಿಲ್ಲ. ಫೋನನ್ನು ತಿರುಗಿಸಿದಳು. ಚಿತ್ರವೂ ಜೊತೆಗೆ ತಿರುಗಿ ಮೊದಲಿನಂತೆಯೇ ನಿಂತಿತು. ಇನ್ನೊಮ್ಮೆ ತಿರುಗಿಸಿದಳು, ಅದೂ ತಿರುಗಿತು. ಕೊನೆಗೆ ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು, ತಾನೇ ಎದ್ದು ಮೇಜನ್ನು ಸುತ್ತಿ ಆಚೆ ಬದಿಗೆ ಹೋಗಿ ನಿಂತಳು.

ಬಾಗಿದ ಕತ್ತು. ಸೆರಗಿನ ಕೆಳಗೆ ಇಳಿದ ಎಡಭುಜ. ಮಡಿಚಿದ ಮೊಣಕೈ. ಬೆರಳುಗಳ ನಡುವೆ ದಂಟು. ಚಂದ್ರಿಕಾ ಆಂಟಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಸುಕುಮಾ ಸೊಪ್ಪು ಬಿಡಿಸುತ್ತಿದ್ದರು. ಒಂದು ಶನಿವಾರ ಮೇಷ್ಟ್ರು, "ಇವತ್ತು ಲೋಟ ಬೇಡ, ಅವಳನ್ನ ಬರಿ," ಎಂದಿದ್ದರು. ಅದು ಆ ಶನಿವಾರದ ಹಾಳೆ.

ಮೇಷ್ಟ್ರು ಗ್ಯಾಲರಿಯಲ್ಲಿ ನಿಂತು ನೋಡಿದ್ದು ತಲೆಕೆಳಗಾಗಿ ನೇತುಹಾಕಿದ್ದ ತಮ್ಮ ಹೆಂಡತಿಯನ್ನು. ಗೆರೆ ನನ್ನದು ಎಂಬ ಮಾತು ಅವರ ಬಾಯಲ್ಲಿ ಇರಲೇ ಇಲ್ಲ. ಅವಳನ್ನು ನೆಟ್ಟಗೆ ಕೂರಿಸು ಎಂದಷ್ಟೇ ಕೇಳಿದ್ದರು.

ಮರುದಿನ ಬೆಳಿಗ್ಗೆ ಅವಳು ರಾಯ್ಸ್ಟನ್‌ಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಲಿಸ್ಬನ್‌ನವ್ರಿಗೆ ನಾನು ಎಂತ ಹೇಳ್ಲಿ?"

"ನಿಜ ಹೇಳು. ನಾನೂ ಬರೀತೀನಿ."

"ನಿಜ ಹೇಳ್ಲಿಕ್ಕೆ ನಿನಗೆ ಹದಿನಾಲ್ಕು ತಿಂಗಳು ಬೇಕಾಯ್ತು. ನನಗೆ ಹದಿನಾಲ್ಕು ನಿಮಿಷ ಆದ್ರೂ ಕೊಡು ಮಾರಾಯ್ತಿ." ಮತ್ತೆ ದನಿ ತಗ್ಗಿಸಿ, "ಒಂದು ಕೆಲಸ ಮಾಡು. ಅವರ ಹಾಗೇ ಒಂದು ಹೊಸದು ಬರೆದು, ಇದು ಅವರದ್ದು ಅಂತ ಅವರ ಹೆಂಡತಿಗೆ ಕೊಡು. ಯಾರಿಗೆ ಗೊತ್ತಾಗ್ತದೆ? ಅವರಿಗೂ ಖುಷಿ, ನಿನ್ನದೂ ಉಳೀತದೆ."

ಮೇಘಾ ಇಲ್ಲ ಎನ್ನಲಿಲ್ಲ. ಫೋನಿಟ್ಟು, ಕಂದು ಪೆನ್ಸಿಲ್ ಹುಡುಕಿ ತೆಗೆದು, ಹಾಳೆ ಹಾಸಿಕೊಂಡು ಮಧ್ಯಾಹ್ನದವರೆಗೆ ಕೂತಳು. ಗೆರೆಗಳು ಬಂದವು. ನೋಡಲು ಚೆನ್ನಾಗಿಯೂ ಇದ್ದವು. ಆದರೆ ಯಾವ ತಪ್ಪನ್ನೂ ಅವು ತಿದ್ದುತ್ತಿರಲಿಲ್ಲ. ನಾಲ್ಕು ಹಾಳೆ ಹರಿದು ಹಾಕಿ, ಅವಳು ಲಿಸ್ಬನ್ನಿಗೆ ಆರು ಸಾಲಿನ ಪತ್ರ ಬರೆದು ಕಳಿಸಿ, ರುಂಡಾಕ್ಕೆ ಟ್ಯಾಕ್ಸಿ ಹಿಡಿದಳು.

ಚೌಕಟ್ಟುಗಳನ್ನು ಕೊಂಡಿದ್ದವರು ಡಾಕ್ಟರ್ ಹೆಲನ್. ಉಡುಪಿ ಕಡೆಯವರು, ನಲವತ್ತು ವರ್ಷದಿಂದ ಈ ಊರಿನಲ್ಲಿ ಚರ್ಮವೈದ್ಯೆ. ಗೇಟಿನಲ್ಲಿ ಕಾವಲಿನವನು ಹೆಸರು ಬರೆಸಿಕೊಂಡು, ಒಳಗೆ ಫೋನ್ ಮಾಡಿ, ಸರಿ ಎನ್ನುವ ಹಾಗೆ "ಸವಾ" ಎಂದು ಒಳಗೆ ಬಿಟ್ಟ. ಹೆಲನ್ ಮೆಟ್ಟಿಲ ಬಳಿಯೇ ನಿಂತಿದ್ದರು.

"ಬಾ ಬಾ. ಕಲಾವಿದೆ ಮನೆಗೆ ಬಂದದ್ದು ಇದೇ ಮೊದಲು. ಎಂತ ವಿಶೇಷ?"

ಮೇಘಾ ಮೂರನೆಯ ಚೌಕಟ್ಟಿನ ಮುಂದೆ ನಿಂತಳು. ಟ್ಯಾಕ್ಸಿಯಲ್ಲಿ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳಲ್ಲಿ ಒಂದೂ ನೆನಪಾಗಲಿಲ್ಲ.

"ಡಾಕ್ಟರೇ, ಇವು ನಾನು ಬರೆದಿದ್ದಲ್ಲ."

"ಮತ್ತೆ? ಕಾಪಿಯಾ?"

"ಕಾಪಿಯಲ್ಲ. ನಾನು ತಪ್ಪು ಬರೆದ ಕಡೆಯೆಲ್ಲ ನನ್ನ ಮೇಷ್ಟ್ರು ತಿದ್ದಿದ್ದು. ಅವರು ಹತ್ತು ದಿನದ ಹಿಂದೆ ತೀರಿಕೊಂಡರು."

ಹೆಲನ್ ಕನ್ನಡಕ ಏರಿಸಿ ಅವಳನ್ನು ನೋಡಿದರು. "ಅಂದ್ರೆ ಒಂದು ವರ್ಷದಿಂದ ನಾನು ದಿನಾ ನಿನ್ನ ಹೋಂವರ್ಕ್ ನೋಡ್ತಾ ಇದ್ದೇನೆ?"

ಮೇಘಾ ಚೌಕಟ್ಟನ್ನು ಮೊಳೆಯಿಂದ ತೆಗೆದು, ತಿರುಗಿಸಿ, ಎರಡು ಕೈಯಲ್ಲೂ ಎತ್ತಿ ಹಿಡಿದಳು. ಇದು ಕತ್ತು, ಇದು ಕೈ ಎಂದು ಹೇಳುವ ಅಗತ್ಯ ಬೀಳಲಿಲ್ಲ.

"ಅಯ್ಯೋ ದೇವರೇ," ಎಂದರು ಹೆಲನ್. "ಹೆಂಗಸು! ನಾನು ಇದು ಹಕ್ಕಿ ಅಂದ್ಕೊಂಡಿದ್ದೆ. ಬಂದವರಿಗೆಲ್ಲ ಹಕ್ಕಿ ಅಂತಲೇ ಹೇಳಿದ್ದೇನೆ." ಮೆಟ್ಟಿಲ ಮೇಲೆ ಕೂತರು. ಆಮೇಲೆ ಅವರ ದನಿ ಸ್ವಲ್ಪ ಗಡುಸಾಯಿತು. "ಅವರು ಬದುಕಿರುವಾಗ ನಿನಗೆ ಇದು ಹೇಳ್ಲಿಕ್ಕೆ ಆಗ್ಲಿಲ್ವಾ?"

"ಇಲ್ಲ."

"ಹೂಂ." ಅವರು ಮೆಟ್ಟಿಲಿನಿಂದ ಎದ್ದರು. "ತೆಗೊಂಡು ಹೋಗು. ಅವರ ಹೆಂಡತಿ ಇಟ್ಟುಕೊಳ್ತೇನೆ ಅಂದ್ರೆ ಅಲ್ಲೇ ಇರಲಿ. ಉಳಿದ ಮೂರಕ್ಕೂ ಆ ಚೀಟಿ ಬದಲಿಸಿ ಕೊಡು. ಮತ್ತೆ ಅವೂ ತಲೆಕೆಳಗಾ ಅಂತ ಒಂದ್ಸಲ ನೋಡು, ನನಗಂತೂ ಗೊತ್ತಾಗುದಿಲ್ಲ."

ಶುಕ್ರವಾರ ಬೆಳಿಗ್ಗೆ ಮೇಘಾ ಚೌಕಟ್ಟನ್ನು ಹೊತ್ತು ಪಾರ್ಕ್‌ಲ್ಯಾಂಡ್ಸಿನ ಮೂರು ಮಹಡಿ ಹತ್ತಿದಳು. ಮೊದಲು ಡಬ್ಬಿಯನ್ನು ತೆಗೆದು ಚಂದ್ರಿಕಾ ಅವರ ಕೈಗಿಟ್ಟಳು. ಅವರು ಮುಚ್ಚಳ ತೆಗೆದು ನೋಡಿದರು.

"ಖಾಲಿ ತಂದ್ಯಾ?"

"ಹೂಂ ಆಂಟಿ."

"ಅವರು ಎಷ್ಟು ಸಲ ಹೇಳಿದ್ರು ಗೊತ್ತಾ. ಡಬ್ಬಿ ಅವಳ ಹತ್ರ ಇದೆ, ಕೊಡಕ್ಕೆ ಬಂದೇ ಬರ್ತಾಳೆ ಅಂತ. ನಾನು ಇನ್ನೊಂದು ತಗೊಂಡೂ ಬಿಟ್ಟೆ." ಡಬ್ಬಿಯನ್ನು ಪಕ್ಕಕ್ಕಿಟ್ಟರು. "ಅದೇನು ಅದು, ಕನ್ನಡೀನಾ?"

ಮೇಘಾ ಕಾಗದ ಬಿಚ್ಚಿ ಚೌಕಟ್ಟನ್ನು ಅವರ ತೊಡೆಯ ಮೇಲಿಟ್ಟು, ನೆಲದ ಮೇಲೆ ಕೂತು ಹೇಳಿದಳು. ಕಸದ ಚೀಲ, ಕಿಟಕಿ, ರಾಯ್ಸ್ಟನ್, ಕ್ಯಾಲೆಂಡರ್ ಅಲ್ಲ ಸರ್ ಎಂದದ್ದು, ಜನ ನಕ್ಕದ್ದು, ಅವರೂ ನಕ್ಕದ್ದು. ಚಂದ್ರಿಕಾ ಅವಳನ್ನು ನೋಡಲಿಲ್ಲ. ಅವರ ಬೆರಳು ಗಾಜಿನ ಮೇಲೆ ಗೆರೆಯ ಜೊತೆ ಜೊತೆಗೆ ಹೋಗುತ್ತಿತ್ತು. ಕತ್ತಿನಿಂದ ಭುಜಕ್ಕೆ, ಭುಜದಿಂದ ಮೊಣಕೈಗೆ.

"ಸುಕುಮಾ ಬಿಡಿಸ್ತಿದ್ದೆ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಮದುವೆಯಾಗಿ ನಲವತ್ತೊಂದು ವರ್ಷ. ನನ್ನ ಒಂದು ಚಿತ್ರ ಬರೆದಿರ್ಲಿಲ್ಲ. ಕೇಳಿದ್ರೆ, ಎದುರಿಗೇ ಇದೀಯಲ್ಲ ಅಂತಿದ್ರು."

ಅವರ ಬೆರಳು ಮತ್ತೆ ಮೇಲೆ ಹೋಯಿತು. ಕತ್ತಿನ ಗೆರೆ ಮುಗಿಯುವಲ್ಲಿಂದ ಮುಂದೆ ಹಾಳೆ ಖಾಲಿಯಿತ್ತು. ಬೆರಳು ಅಲ್ಲೇ ಸುತ್ತಿತು.

"ಮುಖ ಎಲ್ಲಿ?"

ಮೇಘಾ ಆ ಖಾಲಿ ಜಾಗವನ್ನು ನೋಡಿದಳು. ಹದಿನಾಲ್ಕು ತಿಂಗಳು ಅವಳು ಅದನ್ನು ಮೌನ ಎಂದು ಕರೆದಿದ್ದಳು, ಪತ್ರಿಕೆಯವರಿಗೂ ಹಾಗೆಯೇ ಹೇಳಿದ್ದಳು.

"ಮುಖ... ಸರಿಯಾಗಿತ್ತು ಆಂಟಿ," ಎಂದಳು. "ಸರಿ ಇದ್ದ ಕಡೆ ಸರ್ ಬರೀತಿರ್ಲಿಲ್ಲ."

"ನೀನು ಬರೆದಿದ್ದೆಯಾ?"

"ಹೂಂ."

"ಅದು ಎಲ್ಲಿದೆ?"

"ಬಿಸಾಕಿಬಿಟ್ಟೆ."

ಕೆಳಗೆ ರಸ್ತೆಯಲ್ಲಿ ಮಟಾಟುವಿನ ಹಾಡು ಬಂದು ಹೋಯಿತು. ಒಳಗಿನಿಂದ ನೇಹಾ, "ಅಮ್ಮ, ಹು ಈಸ್ ಇಟ್?" ಎಂದು ಕೂಗಿದಳು.

"ಈಗ ಬರಿ," ಎಂದರು ಚಂದ್ರಿಕಾ.

"ಆಂಟಿ..."

"ಅವರ ಕಾಗದ ಎಲ್ಲ ಆ ಡ್ರಾಯರಲ್ಲಿದೆ. ನಾನು ಇಲ್ಲೇ ಕೂತಿರ್ತೀನಿ. ಬರಿ."

ಮೇಘಾ ಬರೆದಳು. ಒಂದು ಗಂಟೆಗಿಂತ ಹೆಚ್ಚು ಹೊತ್ತು. ಚಂದ್ರಿಕಾ ಕತ್ತು ಬಾಗಿಸಿ, ಬರಿಯ ಕೈಗಳನ್ನು ಸೊಪ್ಪು ಬಿಡಿಸುವ ಹಾಗೆ ಹಿಡಿದು ಕೂತಿದ್ದರು. ಮುಖ ಬಂತು. ಮೂಗು ಮೂಗಿನ ಹಾಗಿತ್ತು, ಕಣ್ಣು ಕಣ್ಣಿನ ಹಾಗೆ. ಆದರೂ ಎದುರಿಗಿದ್ದವರು ಹಾಳೆಯೊಳಗೆ ಬಂದಿರಲಿಲ್ಲ. ಡ್ರಾಯರಿನಿಂದ ಬಟರ್ ಪೇಪರ್ ತೆಗೆದು ತನ್ನ ಚಿತ್ರದ ಮೇಲೆ ತಾನೇ ಹಾಸಿ, ಮೇಷ್ಟ್ರ ಮೊಂಡು ಪೆನ್ಸಿಲ್ ಹಿಡಿದು ಕಾದಳು. ಎಲ್ಲೋ ತಪ್ಪಿದೆ ಎಂದು ಗೊತ್ತಿತ್ತು. ಎಲ್ಲಿ ಎಂದು ಕಾಣಲಿಲ್ಲ.

"ಬರ್ತಿಲ್ಲ ಆಂಟಿ."

ಚಂದ್ರಿಕಾ ಎದ್ದು ಬಂದು ನೋಡಿದರು. ಚೆನ್ನಾಗಿದೆ ಎನ್ನಲಿಲ್ಲ. "ಬಿಡು. ಅವರು ಬರೆದಿದ್ದನ್ನೇ ಇಡೋಣ. ಮುಖ ಯಾಕಿಲ್ಲ ಅಂತ ಜನ ಕೇಳ್ತಾರೆ. ನಾನಂತೂ ಹೇಳಲ್ಲಮ್ಮ. ಪಕ್ಕದಲ್ಲಿ ನಿಂತ್ಕೊಂಡು ನೀನೇ ಹೇಳು."

ಭಾನುವಾರ ಪಾರ್ಕ್‌ಲ್ಯಾಂಡ್ಸಿನ ಸಭಾಂಗಣದಲ್ಲಿ ನೂರಕ್ಕೂ ಹೆಚ್ಚು ಜನ ಸೇರಿದ್ದರು. ಹಾರ ಹಾಕಿದ ಫೋಟೋದ ಪಕ್ಕದಲ್ಲಿ ಚೌಕಟ್ಟು, ಈ ಸಲ ನೆಟ್ಟಗೆ. ಕೆಳಗೆ ಹೊಸ ಚೀಟಿಯ ಮೇಲೆ ಮೇಷ್ಟ್ರ ಹೆಸರು. ಹಿಂದಿನ ಸಾಲಿನಲ್ಲಿ ರಾಯ್ಸ್ಟನ್ ತಲೆ ತಗ್ಗಿಸಿ ಕೂತಿದ್ದ. ಲಿಸ್ಬನ್ನಿನಿಂದ ಉತ್ತರ ಬಂದಿರಲಿಲ್ಲ. ಬಂದರೆ ಏನೆಂದು ಬರುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಭಾಷಣ ಮಾಡಿ ಎಂದು ಯಾರೂ ಮೇಘಾಳನ್ನು ಕರೆಯಲಿಲ್ಲ. ಅವಳು ಚೌಕಟ್ಟಿನ ಪಕ್ಕದಲ್ಲಿ ನಿಂತಿದ್ದಳು. ಹೂ ಹಾಕಲು ಬಂದವರು ಫೋಟೋ ನೋಡಿ, ಚಿತ್ರ ನೋಡಿ, ಚಂದ್ರಿಕಾ ಕಡೆ ನೋಡಿ, ಕೇಳಿಯೇ ಕೇಳುತ್ತಿದ್ದರು.

"ಮುಖ ಯಾಕೆ ಬರೆದಿಲ್ಲ?"

"ಮುಖ ನಾನು ಬರೆದಿದ್ದೆ. ಅದು ಸರಿಯಾಗಿತ್ತು. ನಾನು ಬಿಸಾಕಿಬಿಟ್ಟೆ."

ಕೆಲವರು ಅರ್ಥವಾಗದೆ ಮುಂದೆ ಹೋದರು. ಕೆಲವರು ನಿಂತು ಪೂರ್ತಿ ಕೇಳಿದರು. ಅವರಿಗೆ ಅವಳು ಪೂರ್ತಿ ಹೇಳಿದಳು. ಇಪ್ಪತ್ತು ಸಲ ಹೇಳಿದ ಮೇಲೂ ಅದು ಹಗುರವಾಗಲಿಲ್ಲ.

ಕೊನೆಗೆ ಬಂದವರು ಪ್ರಕಾಶ್. ಐವತ್ತರ ಆಸುಪಾಸಿನ, ಬೋಳುತಲೆಯ ಇಂಜಿನಿಯರು. ಮೇಷ್ಟ್ರ ಮೊದಮೊದಲ ವಿದ್ಯಾರ್ಥಿ. ಕೇಳಿಸಿಕೊಂಡು, ಚಿತ್ರದ ಹತ್ತಿರ ಬಗ್ಗಿದರು.

"ಮುಖ ಸರಿಯಾಗಿತ್ತು ಅಂತ ಅವರೇ ಹೇಳಿದ್ರಾ?"

"ಇಲ್ಲ."

"ಅವರೆಲ್ಲಿ ಹೇಳ್ತಾರೆ," ಎಂದರು ಪ್ರಕಾಶ್. ಗಾಜಿನ ಕೆಳಗಿನ ಖಾಲಿ ಜಾಗವನ್ನೇ ನೋಡುತ್ತಿದ್ದರು. "ನಂದು ಆರು ವರ್ಷದ ಹಾಳೆಗಳು ಮನೇಲಿವೆ. ಎಲ್ಲಾ ಅವರ ತಿದ್ದುಗೆರೆಯಿಂದ ಭರ್ತಿ; ಅದನ್ನೂ ಅವರ ಚಿತ್ರ ಅನ್ಬಹುದು ಅಂತ ನನಗೆ ಹೊಳೀಲೇ ಇಲ್ಲ. ಇಷ್ಟಗಲ ಜಾಗ ಒಂದ್ಸಲಾನೂ ಬಿಟ್ಟಿಲ್ಲ ನನಗೆ." ಅಂಗೈಯನ್ನು ಆ ಜಾಗದ ಮುಂದೆ ಹಿಡಿದು ಅಳತೆ ತೋರಿಸಿದರು. ನಂತರ ಅವಳ ಕಡೆ ತಿರುಗಿ, ಬೈಯುವುದೋ ಏನೋ ತಿಳಿಯದ ದನಿಯಲ್ಲಿ, "ನೀವು ನೋಡ್ಲಿಲ್ವಾ?" ಎಂದರು.

"ಇಲ್ಲ," ಎಂದಳು ಮೇಘಾ. ಅಷ್ಟರಲ್ಲಿ ಹೂವಿನ ತಟ್ಟೆ ಹಿಡಿದು ಇನ್ನೊಬ್ಬರು ಹತ್ತಿರ ಬಂದು ಚಿತ್ರದ ಕಡೆ ಕತ್ತು ಚಾಚಿದರು. ಅವರು ಕೇಳುವವರೆಗೆ ಅವಳು ಕಾದು ನಿಂತಳು.